ಪ್ಯಾಟ್ರಿಕ್ ಹೆನ್ರಿ: ಬೇರೆಯವರ ನೆನಪಿನಲ್ಲಿ ಉಳಿದ ಮಾತುಗಾರ

ಕೇಳುಗರೇ, ನಮಸ್ಕಾರ.

'ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ' ಎಂಬ ಮಾತನ್ನು ನೀವು ಎಲ್ಲೋ ಕೇಳಿಯೇ ಇರುತ್ತೀರಿ. ಅದು ಅಮೆರಿಕದ ಪ್ಯಾಟ್ರಿಕ್ ಹೆನ್ರಿಯ ಹೆಸರಿನಲ್ಲಿರುವ ಮಾತು. ಆತ ಹುಟ್ಟಿದ್ದು 1736ರಲ್ಲಿ, ವರ್ಜೀನಿಯಾದ ಹ್ಯಾನೋವರ್ ಕೌಂಟಿಯಲ್ಲಿ. ಆಗ ಅದು ಬ್ರಿಟಿಷರ ವಸಾಹತು.

ಹುಡುಗನಾಗಿದ್ದಾಗ ಅಣ್ಣನ ಜೊತೆ ಅಂಗಡಿ ಇಟ್ಟ, ಮುಚ್ಚಬೇಕಾಯಿತು. ಹದಿನೆಂಟಕ್ಕೆ ಮದುವೆ. ಬೇಸಾಯಕ್ಕೆ ಇಳಿದರೆ ಮನೆಗೇ ಬೆಂಕಿ ಬಿತ್ತು. ಮತ್ತೆ ಅಂಗಡಿ, ಮತ್ತೆ ನಷ್ಟ. ಆಮೇಲೆ ಮಾವನ ಹೋಟೆಲಿನಲ್ಲಿ ಕೈಜೋಡಿಸುತ್ತಾ ತಾನೇ ಕಾನೂನು ಓದಿಕೊಂಡು, 1760ರಲ್ಲಿ ವಕೀಲನಾದ. ಎದುರಿಗೆ ನಾಲ್ಕು ಜನ ಇದ್ದರೆ ಸಾಕು, ಇವನ ಮಾತಿಗೆ ಕಳೆ ಬರುತ್ತಿತ್ತು.

ಹೆಸರು ತಂದುಕೊಟ್ಟದ್ದು 1763ರ ಒಂದು ಮೊಕದ್ದಮೆ. ಅಲ್ಲಿ ಪಾದ್ರಿಗಳಿಗೆ ಸಂಬಳ ಕೊಡುತ್ತಿದ್ದುದು ಹೊಗೆಸೊಪ್ಪಿನಲ್ಲಿ, ವರ್ಷಕ್ಕೆ 16,000 ಪೌಂಡ್ ತೂಕದಷ್ಟು. 1758ರಲ್ಲಿ ಬೆಳೆ ಕೆಟ್ಟು ಬೆಲೆ ಏರಿತು. ಆಗ ಶಾಸನಸಭೆ, ಸೊಪ್ಪಿನ ಬದಲು ಪೌಂಡಿಗೆ ಎರಡು ಪೆನ್ನಿಯಂತೆ ಹಣ ಕೊಟ್ಟರಾಯಿತು ಎಂದು ಕಾನೂನು ಮಾಡಿತು. ಪಾದ್ರಿಗಳಿಗೆ ಸಿಟ್ಟು ಬಂತು. ದೂರು ಲಂಡನ್ನಿಗೆ ಹೋಯಿತು. ರಾಜ ಆ ಕಾನೂನನ್ನೇ ರದ್ದು ಮಾಡಿದ. ಬಾಕಿ ಕೊಡಿ ಎಂದು ಜೇಮ್ಸ್ ಮೌರಿ ಎಂಬ ಪಾದ್ರಿ ಕೋರ್ಟಿಗೆ ಬಂದ, ಗೆದ್ದ. ಎಷ್ಟು ಕೊಡಬೇಕೆಂದು ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಜನಸಾಮಾನ್ಯರ ಗುಂಪು, ಹೇಳುವುದಷ್ಟೇ ಉಳಿದಿತ್ತು.

ಆಗ ಎದುರು ಪಕ್ಷದ ಪರವಾಗಿ ಎದ್ದು ನಿಂತವನು ಹೆನ್ರಿ. ನ್ಯಾಯಪೀಠದ ಮೇಲೆ ಕೂತಿದ್ದವರು ಯಾರು ಗೊತ್ತೇ? ಅವನ ಅಪ್ಪನೇ! ಜನರಿಗೆ ಒಳಿತಾಗುವ ಕಾನೂನನ್ನು ರದ್ದು ಮಾಡುವ ರಾಜ ಪ್ರಜೆಗಳ ತಂದೆಯಲ್ಲ, ದಬ್ಬಾಳಿಕೆಗಾರ. ಅವನಿಗೆ ವಿಧೇಯರಾಗಿರಬೇಕಿಲ್ಲ ಎಂದುಬಿಟ್ಟ. ರಾಜದ್ರೋಹ ಎಂದು ಗುಸುಗುಸು ಎದ್ದಿತು. ಜ್ಯೂರಿ ಕೊಡಿಸಿದ ಪರಿಹಾರ ಒಂದೇ ಒಂದು ಪೆನ್ನಿ.

ಇದೆಲ್ಲ ನಮಗೆ ತಿಳಿದಿರುವುದು ಹೆಚ್ಚಾಗಿ ಮೌರಿಯೇ ಗೆಳೆಯನಿಗೆ ಬರೆದ ಪತ್ರದಿಂದ. ಸೋತವನು ಗೆದ್ದವನ ಭಾಷಣವನ್ನು ಉಳಿಸಿಕೊಟ್ಟ! ಹೆನ್ರಿಯ ಪಾಡೇ ಹೀಗೆ. 1765ರಲ್ಲಿ ವಸಾಹತಿನ ಕಾಗದಪತ್ರಗಳ ಮೇಲೆ ಬ್ರಿಟನ್ ಹಾಕಿದ ಸ್ಟಾಂಪ್ ತೆರಿಗೆಯ ವಿರುದ್ಧ ಶಾಸನಸಭೆಯಲ್ಲಿ ಆತ ಗುಡುಗಿದ ಎಂಬ ಕಥೆ ಪ್ರಸಿದ್ಧ. ಆದರೆ ಆ ದಿನ ಅಲ್ಲೇ ಇದ್ದ ಫ್ರೆಂಚ್ ಪ್ರವಾಸಿಯೊಬ್ಬನ ಟಿಪ್ಪಣಿಯ ಪ್ರಕಾರ, ಸಭಾಧ್ಯಕ್ಷರು ತಡೆದಾಗ ಹೆನ್ರಿ ಕ್ಷಮೆ ಕೇಳಿದ್ದ.

ಇನ್ನು ಆ 'ಸಾವು ಕೊಡಿ' ಭಾಷಣ. 1775ರ ಮಾರ್ಚ್ 23, ರಿಚ್ಮಂಡಿನ ಸೇಂಟ್ ಜಾನ್ಸ್ ಚರ್ಚು. ಬ್ರಿಟಿಷರ ವಿರುದ್ಧ ಸೇನೆ ಸಜ್ಜು ಮಾಡಬೇಕೋ ಬೇಡವೋ ಎಂಬ ಚರ್ಚೆ. ಹೆಂಡತಿ ಸಾರಾ ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ಹೆನ್ರಿ ಮಾತಾಡಿದ, ನಿರ್ಣಯ ಗೆದ್ದಿತು. ಆದರೆ ಬರೆದಿಟ್ಟ ಪ್ರತಿ ಇಲ್ಲ. ಇವತ್ತು ಮಕ್ಕಳು ಬಾಯಿಪಾಠ ಮಾಡುವ ಪಾಠವನ್ನು ವಿಲಿಯಂ ವರ್ಟ್ ಎಂಬ ವಕೀಲ 1817ರಲ್ಲಿ ಅಚ್ಚು ಹಾಕಿಸಿದ. ಅಂದರೆ 42 ವರ್ಷದ ಮೇಲೆ, ಕೇಳಿದ್ದವರ ನೆನಪಿನಿಂದ! ಅದರಲ್ಲಿ ಹೆನ್ರಿಯದೆಷ್ಟು, ವರ್ಟನದೆಷ್ಟು ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಕಿಚ್ಚು ಹೆನ್ರಿಯದೇ ಎಂದು ನನಗನ್ನಿಸುತ್ತದೆ. ಸುಮ್ನೆ ಯಾರೂ ಅಷ್ಟು ವರ್ಷ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಿಲ್ಲ, ಅಲ್ವಾ?

ಅವನೇ ಬರೆದ ಒಂದು ಪತ್ರ ಉಳಿದಿದೆ, 1773ರದು. ಗುಲಾಮರಿಲ್ಲದೆ ಇಲ್ಲಿ ಬಾಳುವುದು ಕಷ್ಟ, ಅದಕ್ಕೇ ಇಟ್ಟುಕೊಂಡಿದ್ದೇನೆ, ಆದರೆ ಇದು ಸರಿ ಎಂದು ನಾನು ವಾದಿಸಲಾರೆ ಎನ್ನುತ್ತಾನೆ. ಸಾಯುವವರೆಗೂ ಗುಲಾಮರ ಒಡೆಯನಾಗಿಯೇ ಉಳಿದ. ಚರ್ಚಿನಲ್ಲಿ ಗುಲಾಮಗಿರಿಯ ಸರಪಳಿಯ ಬಗ್ಗೆ ಗುಡುಗಿದವನೂ ಇವನೇ.

1776ರಲ್ಲಿ ಸ್ವತಂತ್ರ ವರ್ಜೀನಿಯಾದ ಮೊದಲ ಗವರ್ನರ್ ಆದ. ಆದರೆ 1788ರಲ್ಲಿ ಅಮೆರಿಕದ ಹೊಸ ಸಂವಿಧಾನದ ವಿರುದ್ಧವೇ ನಿಂತ. ಕೇಂದ್ರಕ್ಕೆ ಅಧಿಕಾರ ಜಾಸ್ತಿಯಾಯಿತು, ಜನರ ಹಕ್ಕುಗಳ ಪಟ್ಟಿ ಎಲ್ಲಿ ಎಂದು ದಿನಗಟ್ಟಲೆ ವಾದಿಸಿದ. ಈ ಸಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವವನೊಬ್ಬ ಇದ್ದ. ಹೆನ್ರಿ 89ಕ್ಕೆ 79 ಮತಗಳಿಂದ ಸೋತ. 1791ರಲ್ಲಿ ಸಂವಿಧಾನಕ್ಕೆ ಸೇರಿದ, ಜನರ ಹಕ್ಕುಗಳನ್ನು ಸಾರುವ ಹತ್ತು ತಿದ್ದುಪಡಿಗಳ ಹಿಂದೆ ಇವನಂಥವರ ಹಟವೂ ಇತ್ತು.

ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ ಕೊಡಲು ಬಂದ ವಿದೇಶಾಂಗ ಕಾರ್ಯದರ್ಶಿ ಹುದ್ದೆಯನ್ನು ಬೇಡವೆಂದ. 1799ರಲ್ಲಿ ಅದೇ ವಾಷಿಂಗ್ಟನ್ ಒತ್ತಾಯಿಸಿದಾಗ ಮಾತ್ರ ಶಾಸನಸಭೆಗೆ ನಿಂತು ಗೆದ್ದ. ಸಭೆಗೆ ಕಾಲಿಡುವ ಮೊದಲೇ, ಜೂನ್ 6ರಂದು, ರೆಡ್ ಹಿಲ್‌ನ ತನ್ನ ಮನೆಯಲ್ಲಿ ತೀರಿಕೊಂಡ.