ಕೊಡಗಿಗೆ ಗಾಲ್ಫ್ ಆಡಲು ಹೊರಟವರಿಗೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಗಾಲ್ಫ್ ಆಟಗಾರರಿಗೆ ಊರೊಳಗೇ ಕೋರ್ಸ್‌ಗಳು, ಅಂದರೆ ಆಡುವ ಮೈದಾನಗಳು, ಇವೆ. ಸ್ಯಾಂಕಿ ರಸ್ತೆಯ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಇದೆ. ಆದರೂ ನಾಲ್ಕು ಜನ ಗೆಳೆಯರು ಸೇರಿದರೆ 'ಎಲ್ಲಾದರೂ ಹೊರಗೆ ಹೋಗಿ ಆಡೋಣ' ಅನ್ನುವ ಮಾತು ಬಂದೇ ಬರುತ್ತದೆ. ಆಗ ಬಾಯಿಗೆ ಬರುವ ಹೆಸರುಗಳಲ್ಲಿ ಕೊಡಗೂ ಒಂದು. ಬೆಳಿಗ್ಗೆ ಆಟ, ಮಧ್ಯಾಹ್ನ ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ಯಾರು ತಾನೇ ಬೇಡ ಅಂತಾರೆ?

ತೊಡಕು ಇರುವುದು ಕಾಲದ್ದು. ಕೊಡಗಿನ ಅಡುಗೆಮನೆ ತುಂಬಿ ತುಳುಕುವುದು ಮಳೆಗಾಲದಲ್ಲಿ. ಗಾಲ್ಫಿಗೆ ಅದರಷ್ಟು ಕೆಟ್ಟ ಕಾಲ ಇನ್ನೊಂದಿಲ್ಲ.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ಕಕ್ಕಡ ತಿಂಗಳು. ಎಳೆ ಬಿದಿರಿನ ಕಳಲೆ ಬರುತ್ತದೆ. ಹೆಚ್ಚಿ, ನೀರಿನಲ್ಲಿ ನೆನೆಸಿ, ನೀರು ಬದಲಿಸಿ, ಆಮೇಲೆ ಪಲ್ಯಕ್ಕೋ ಸಾರಿಗೋ ಹಾಕುತ್ತಾರೆ. ಕಾಡಿನ ಅಣಬೆ ಸಿಗುತ್ತದೆ. ಗದ್ದೆಯ ಏಡಿ ಸಿಗುತ್ತದೆ. ಆಗಸ್ಟ್ 3ರ ಹೊತ್ತಿಗೆ, ಕಕ್ಕಡದ 18ನೇ ದಿನ, ಮದ್ದು ಸೊಪ್ಪನ್ನು ಕುದಿಸಿ ರಸ ತೆಗೆದು ಪಾಯಸ, ಪುಟ್ಟು ಮಾಡುತ್ತಾರೆ. ಕಡು ನೇರಳೆ ಬಣ್ಣ, ಅದರದ್ದೇ ಒಂದು ಘಮ. ಆ ಬಣ್ಣ ಮಾರನೇ ದಿನ ಮೂತ್ರದಲ್ಲೂ ಕಾಣಿಸುತ್ತದೆ. ಹೊಸಬರು ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಬೇಡಿ.

ಇಷ್ಟೆಲ್ಲ ಇದೆ, ಆದರೆ ಆಡುವುದು ಹೇಗೆ? ಫೇರ್‌ವೇ, ಅಂದರೆ ಹುಲ್ಲು ಕತ್ತರಿಸಿದ ಆಟದ ಹಾದಿ, ಒದ್ದೆ. ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ, ಉರುಳುವುದೇ ಇಲ್ಲ. ಪಕ್ಕದ ಹುಲ್ಲಿಗೆ ಹೋದರೆ ಹುಡುಕಲು 2019ರಿಂದ ನಿಯಮ ಕೊಡುವುದು 3 ನಿಮಿಷ ಮಾತ್ರ. ಮೊದಲು 5 ನಿಮಿಷ ಇತ್ತು. ಅಷ್ಟರಲ್ಲಿ ನಿಮಗೆ ಚೆಂಡು ಸಿಗುವುದೋ, ಜಿಗಣೆಗೆ ನೀವು ಸಿಗುವುದೋ ಹೇಳಲಾಗದು.

ಹಾಗಾಗಿ ತಾರೀಕು ಹಾಕುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಇದು ಊಟದ ಪ್ರವಾಸವೋ, ಆಟದ ಪ್ರವಾಸವೋ? ಎರಡೂ ಬೇಕು ಅನ್ನುವವರಿಗೆ ನನ್ನ ಮಾತು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಆಸುಪಾಸು. ನವೆಂಬರ್ ಕೊನೆ ಅಥವಾ ಡಿಸೆಂಬರ್. ಮಳೆ ನಿಂತಿರುತ್ತದೆ, ಹುಲ್ಲು ಇನ್ನೂ ಹಸಿರು, ಗದ್ದೆಯಲ್ಲಿ ಹೊಸ ಭತ್ತ. ಬಾಳೆಹಣ್ಣು ಹಾಕಿದ ತಂಬಿಟ್ಟು, ಬೇಯಿಸಿದ ಗೆಣಸು ಆ ಹಬ್ಬದ ತಿಂಡಿಗಳು. ಹಬ್ಬದ ದಿನ ಮತ್ತು ಮುಹೂರ್ತವನ್ನು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಗೊತ್ತು ಮಾಡುತ್ತಾರೆ. ಅದನ್ನು ನೋಡಿಕೊಂಡು ಹಬ್ಬದ ಮರುವಾರ ಹೋಗಿ. ಹಬ್ಬದ ದಿನವೇ ಹೋಂಸ್ಟೇ ಮನೆಯವರ ತಲೆ ಮೇಲೆ ಕೂರಬೇಡಿ. ಅವರಿಗೂ ನೆಂಟರಿಷ್ಟರು ಇರುತ್ತಾರೆ ಅಲ್ವಾ?

ಕೋರ್ಸ್ ವಿಷಯ ಬೇಗ ಮುಗಿಸುತ್ತೇನೆ. ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದಲ್ಲಿ 18 ಹೋಲ್‌ಗಳ, ಅಂದರೆ ಚೆಂಡು ಬೀಳಿಸಬೇಕಾದ 18 ಗುಳಿಗಳ, ಕೋರ್ಸ್ ಇದೆ. ಪಾಲಿಬೆಟ್ಟದ ಕಾಫಿ ತೋಟಗಳ ನಡುವೆ ಒಂದಿದೆ. ಮಡಿಕೇರಿಯಲ್ಲೂ ಇದೆ. ನಿಮ್ಮ ಕ್ಲಬ್‌ಗೂ ಅವರ ಕ್ಲಬ್‌ಗೂ, ಒಬ್ಬರ ಸದಸ್ಯರು ಇನ್ನೊಬ್ಬರಲ್ಲಿ ಆಡುವ ಒಡಂಬಡಿಕೆ ಇದೆಯಾ ಕೇಳಿ. ಇದ್ದರೆ ಪರಿಚಯ ಪತ್ರ ತೆಗೆದುಕೊಂಡು ಹೋಗಿ. ಆಡಲು ಕೊಡುವ ಗ್ರೀನ್ ಫೀ, ಬ್ಯಾಗ್ ಹೊರುವ ಕ್ಯಾಡಿ, ವಾರದ ರಜೆ, ಈ ಮೂರನ್ನೂ ಫೋನಿನಲ್ಲೇ ಕೇಳಿಕೊಳ್ಳಿ. ಎಷ್ಟೋ ಕೋರ್ಸ್‌ಗಳು ವಾರಕ್ಕೊಂದು ದಿನ ನಿರ್ವಹಣೆಗೆ ಮುಚ್ಚಿರುತ್ತವೆ.

ಊಟಕ್ಕೆ ಇದಕ್ಕಿಂತ ಜಾಸ್ತಿ ತಯಾರಿ ಬೇಕು. ಒಳ್ಳೆ ಪಂದಿ ಕರಿ ಒಂದು ಗಂಟೆಯಲ್ಲಿ ಆಗುವಂಥದ್ದಲ್ಲ. ಮೆಣಸು, ಜೀರಿಗೆ, ಕೊತ್ತಂಬರಿ, ಸಾಸಿವೆ, ಮೆಂತ್ಯ ಎಲ್ಲವನ್ನೂ ಕಪ್ಪಾಗುವ ಹಾಗೆ ಹುರಿದು ಪುಡಿ ಮಾಡಬೇಕು. ಮಾಂಸ ತನ್ನದೇ ಕೊಬ್ಬಿನಲ್ಲಿ ನಿಧಾನಕ್ಕೆ ಬೇಯಬೇಕು. ಕೊನೆಗೆ ಕಾಚಂಪುಳಿ ಬೀಳಬೇಕು. ಒಂದು ಮರದ ಹುಳಿ ಹಣ್ಣಿನ ರಸವನ್ನು ಕಪ್ಪು ಪಾಕವಾಗುವ ತನಕ ಕಾಯಿಸಿ ಮಾಡುವ ಹುಳಿ ಅದು. ಹುಣಸೆಹಣ್ಣು ಹಾಕಿ ಅದನ್ನೇ ಪಂದಿ ಕರಿ ಅಂತ ಬಡಿಸುವ ಜಾಗಗಳು ರಸ್ತೆ ಬದಿಯಲ್ಲಿ ಬೇಕಾದಷ್ಟಿವೆ. ಅಲ್ಲಿ ತಿಂದು ಬಂದು 'ಏನಪ್ಪ ಮಹಾ' ಅನ್ನಬೇಡಿ. ಮನೆಯೂಟ ಹಾಕುವವರಿಗೆ ಹಿಂದಿನ ದಿನವೇ ಹೇಳಿಡಿ. ಜತೆಯಲ್ಲಿ ಸಸ್ಯಾಹಾರಿಗಳಿದ್ದರೆ ಅದನ್ನೂ ಹೇಳಿ. ಶಾವಿಗೆಯಂಥ ನೂಲ್‌ಪುಟ್ಟು, ತೆಂಗಿನ ತುರಿ ಹಾಕಿದ ಪಾಪುಟ್ಟು, ಅಕ್ಕಿ ಒಟ್ಟಿ ಅನ್ನುವ ರೊಟ್ಟಿ ಇರುವಾಗ ಅವರನ್ನು ಸುಮ್ನೆ ಮೊಸರನ್ನಕ್ಕೆ ಕೂರಿಸುವುದು ಅನ್ಯಾಯ.

ದಿನದ ಲೆಕ್ಕ ಹೀಗಿರಲಿ. ಬೆಳಿಗ್ಗೆ ಒಂದು ರೌಂಡ್, ಅಷ್ಟೇ. 18 ಹೋಲ್ ನಡೆದು ಮುಗಿಸಲು ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಹೊರಡುವ ಮುಂಚೆ ಹಗುರ ತಿಂಡಿ, ಭಾರದ ಊಟ ಆಮೇಲೆ. ಆ ಊಟ ಮಾಡಿ ಮಧ್ಯಾಹ್ನ ಇನ್ನೊಂದು ರೌಂಡ್ ಅನ್ನುವ ಉತ್ಸಾಹಿ ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ. ದಕ್ಷಿಣ ಕೊಡಗಿನ ತೋಟದ ರಸ್ತೆಗಳಲ್ಲಿ ಆನೆ ಓಡಾಟ ಇದೆ. ಮೊದಲ ಟೀ ಟೈಮ್, ಅಂದರೆ ಆಟ ಶುರು ಮಾಡುವ ಸರದಿ, ಹಿಡಿಯಬೇಕೆಂದು ಕತ್ತಲಲ್ಲೇ ಕಾರು ತೆಗೆಯಬೇಡಿ. ಬೆಳಕು ಹರಿದ ಮೇಲಿನ ಸಮಯ ಕೇಳಿ.

ಮನೆಯವರನ್ನು ಕರೆದುಕೊಂಡು ಹೋಗುವವರು ಮಕ್ಕಳನ್ನು ರೂಮಿನಲ್ಲಿ ಬಿಡಬೇಡಿ. ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಐದು ವರ್ಷದವರಿದ್ದಾಗ ಅಪ್ಪ, ಅಮ್ಮನ ಜತೆ ತಿಂಡಿಗೆ ಹೋಗಿದ್ದರು. ಅಲ್ಲಿಂದ ಗಾಲ್ಫ್ ಆಡುವವರು ಕಾಣುತ್ತಿದ್ದರು. ನೋಡಿ ಆಸೆಪಟ್ಟೇ ಆಟ ಶುರುವಾಯಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೇ ಸ್ಥಾನ ಪಡೆದಾಗ ಬ್ಯಾಗ್ ಹೊತ್ತು ಜತೆ ನಡೆದವರು ಅವರ ಅಮ್ಮ.

ಇನ್ನು ದಾರಿ. ಮೈಸೂರು ಹೆದ್ದಾರಿಯಲ್ಲಿ ಈಗ ಒಂದೇ ಓಟ. ಬಿಡದಿ, ಮದ್ದೂರು ಎರಡೂ ಪಕ್ಕಕ್ಕೆ ಉಳಿಯುತ್ತವೆ. ತಟ್ಟೆ ಇಡ್ಲಿ ಬೇಕಾದರೆ, ಮದ್ದೂರು ವಡೆ ಬೇಕಾದರೆ ಮೊದಲೇ ಹಳೇ ರಸ್ತೆಗೆ ಇಳಿಯಬೇಕು. ಹೋಗುವಾಗ ಬಿಡದಿಯಲ್ಲಿ ಇಳಿಯಿರಿ, ಬರುವಾಗ ಮದ್ದೂರಿನಲ್ಲಿ. ಭಾನುವಾರ ಸಂಜೆ ವಾಪಸು ಬರುವ ಯೋಚನೆಯಿದ್ದರೆ ಕೆಂಗೇರಿಯ ಟ್ರಾಫಿಕ್ಕಿಗೆ ಸಮಯ ಎತ್ತಿಡಿ. ಸಾಧ್ಯವಾದರೆ ಸೋಮವಾರ ರಜೆ ಹಾಕಿ, ಮಧ್ಯಾಹ್ನ ಅಲ್ಲೇ ಇನ್ನೊಂದು ಊಟ ಮುಗಿಸಿಕೊಂಡು ಹೊರಡಿ.

ನಮಸ್ಕಾರ.