ಕನ್ನಡ ಕಾಣದಾದ ಅರವತ್ತು ಪುಟ

ಕೇಳುಗರೆಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಕಳೆದ ತಿಂಗಳು ಒಂದು ಸಂಜೆ ವಿದ್ಯಾರ್ಥಿನಿಯೊಬ್ಬಳು ಅಳುಮುಖ ಮಾಡಿಕೊಂಡು ಬಂದಳು. ಇಳಕಲ್ ಸೀರೆಯ ಬಗ್ಗೆ ಅವಳು ಬರೆದ ಅರವತ್ತು ಪುಟಗಳ ಪ್ರಬಂಧವನ್ನು ಟೈಪ್ ಮಾಡಿಕೊಟ್ಟವನು ನಾನೇ. ‘ಅಣ್ಣಾ, ಸರ್ ಬ್ರೌಸರ್‌ನಲ್ಲಿ ತೆರೆದರೆ ಹೀಗೆ ಬಂದಿದೆಯಂತೆ’ ಎಂದು ಒಂದು ಹಾಳೆ ಕೊಟ್ಟಳು. ಅದರಲ್ಲಿ ಕನ್ನಡವೇ ಇರಲಿಲ್ಲ. ಬರೀ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕೆ, ಗೀಟು. ಅದೇ ಕಡತ ನನ್ನ ಗಣಕದ ವರ್ಡ್‌ನಲ್ಲಿ ಅಚ್ಚುಕಟ್ಟಾಗಿ ತೆರೆದುಕೊಂಡಿತು.

ಬರೆಯುವ, ಲೆಕ್ಕ ಇಡುವ ಇಂಥ ತಂತ್ರಾಂಶಗಳಲ್ಲಿ ಎರಡು ಬಗೆ: ಡೆಸ್ಕ್‌ಟಾಪ್ ಆವೃತ್ತಿ, ವೆಬ್ ಆವೃತ್ತಿ. ಡೆಸ್ಕ್‌ಟಾಪ್ ಆವೃತ್ತಿ ನಮ್ಮ ಗಣಕದಲ್ಲಿಯೇ ನೆಲೆಸಿರುತ್ತದೆ. ಇಲ್ಲಿನ ಫಾಂಟ್, ಪ್ರಿಂಟರ್, ಹಾರ್ಡ್‌ಡಿಸ್ಕ್ ಎಲ್ಲವೂ ಅದರ ಕೈಗೆಟುಕುತ್ತವೆ. ವೆಬ್ ಆವೃತ್ತಿ ಬ್ರೌಸರ್‌ನೊಳಗೆ ನಡೆಯುತ್ತದೆ, ಕಡತ ಸಾಮಾನ್ಯವಾಗಿ ದೂರದ ಸರ್ವರ್‌ನಲ್ಲಿರುತ್ತದೆ. ಬ್ರೌಸರ್‌ನಲ್ಲಿಯೇ ಬರೆಯಲು ಬಳಸುವ ಗೂಗಲ್ ಡಾಕ್ಸ್ ನಮ್ಮ ಗಣಕದ ಫಾಂಟ್‌ಗಳನ್ನು ಬಳಸುವುದಿಲ್ಲ, ತನ್ನ ಸಂಗ್ರಹದಲ್ಲಿರುವುದನ್ನಷ್ಟೇ ಬಳಸುತ್ತದೆ. ನಾನು ಟೈಪ್ ಮಾಡಿದ್ದು ಯೂನಿಕೋಡ್ ಎಂಬ ಈಗಿನ ಅಕ್ಷರ ಸಂಕೇತಗಳ ವ್ಯವಸ್ಥೆಗಿಂತ ಹಿಂದಿನ ಪದ್ಧತಿಯ ಫಾಂಟ್‌ನಲ್ಲಿ. ಆ ಪದ್ಧತಿಯಲ್ಲಿ ಕಡತದೊಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ಆಕಾರ ತೊಡಿಸುವುದು ಫಾಂಟ್. ಫಾಂಟ್ ಇಲ್ಲವೆಂದರೆ ಕನ್ನಡವೂ ಇಲ್ಲ. ಯೂನಿಕೋಡ್‌ನಲ್ಲಿ ಹಾಗಲ್ಲ, ‘ಕ’ ಅಕ್ಷರಕ್ಕೆ ಅದರದೇ ಸಂಕೇತವಿದೆ. ಎಷ್ಟೋ ಸಂಘಗಳ ವರದಿಗಳು, ಸ್ಮರಣ ಸಂಚಿಕೆಗಳು ಹೀಗೆ ಹಳೆಯ ಗಣಕಗಳಲ್ಲಿ ಸಿಕ್ಕಿಕೊಂಡಿವೆ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಹಾಗೆಂದು ಡೆಸ್ಕ್‌ಟಾಪ್ ಬಿಟ್ಟುಬಿಡಿ ಎನ್ನಲಾರೆ. ನನಗೆ ಪರಿಚಯದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆಸಿಕೊಂಡಿದ್ದಾರೆ. ಗುಂಡಿ ಒತ್ತಿದರೆ ಹಮಾಲಿ, ದಲಾಲಿ ಕಳೆದು ಪಟ್ಟಿ ಸಿದ್ಧ. ಎಕ್ಸೆಲ್‌ನ ವೆಬ್ ಆವೃತ್ತಿಯಲ್ಲಿ ಅದೇ ಕಡತ ತೆರೆಯುತ್ತದೆ, ಲೆಕ್ಕವೂ ಕಾಣುತ್ತದೆ, ಮ್ಯಾಕ್ರೋ ಮಾತ್ರ ನಡೆಯುವುದಿಲ್ಲ. ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲೂ ಗೂಗಲ್ ಡಾಕ್ಸ್ ಬಳಸಬಹುದು, ಆದರೆ ಆಫ್‌ಲೈನ್ ಆಯ್ಕೆಯನ್ನು ಸಂಪರ್ಕ ಇದ್ದಾಗಲೇ ಹಾಕಿಟ್ಟಿರಬೇಕು. ಇನ್ನು ತಾನಾಗಿ ಉಳಿಸಿಕೊಳ್ಳುವ ಗುಣಕ್ಕಾಗಿ ವೆಬ್ ಆವೃತ್ತಿಗೆ ಕೈಮುಗಿಯಬೇಕು. ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ಮಧ್ಯಾಹ್ನವೆಲ್ಲ ಟೈಪ್ ಮಾಡಿದ್ದನ್ನು ಕಳೆದುಕೊಂಡ ನೋವು ನನಗೆ ಗೊತ್ತು. ವೆಬ್‌ನಲ್ಲಿ ನಿನ್ನೆಯ ರೂಪಕ್ಕೂ ಮರಳಬಹುದು.

ಆ ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು, ನುಡಿ ತಂತ್ರಾಂಶದ ಪರಿವರ್ತಕದಿಂದ ಪ್ರಬಂಧವನ್ನು ಯೂನಿಕೋಡ್‌ಗೆ ತಂದೆ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲಿಯೇ. ಆದ್ದರಿಂದ ಇಬ್ಬರೂ ಸಾಲು ಸಾಲು ಓದಿದೆವು. ಒಡಲಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಕೂಡಿಸುವ ಬಗೆಯನ್ನು ಅವಳು ಬಹಳ ಚೆನ್ನಾಗಿ ಬರೆದಿದ್ದಳು. ಅದೆಲ್ಲ ಸರಿಯಾಗಿ ಬಂದಿತ್ತು. ತಿದ್ದಬೇಕಾದ ಒಂದು ಪದ ಮೊದಲ ಪುಟದಲ್ಲಿಯೇ ಸಿಕ್ಕಿತು: ‘ಮಾರ್ಗದರ್ಶಕರು’.