ಅವಳು, ಅವರು ಮತ್ತು ಒಂದು ಸಿನಿಮಾ

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಹಳೆಯ ಹಿಂದಿ ಸಿನಿಮಾದ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು. ಹೆಸರು ‘ಬ್ಯಾಂಡಿಟ್ ಕ್ವೀನ್’. ಚಂಬಲ್ ಕಣಿವೆಯ ಫೂಲನ್ ದೇವಿಯ ಕಥೆ. ಮಾತಿನ ನಡುವೆ ಹೆಣ್ಣಿನ ಮೇಲೆ ನಡೆದ ದೌರ್ಜನ್ಯದ ವಿಷಯ ಬರುತ್ತದೆ. ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ದರೆ ರೇಡಿಯೋ ಸದ್ದು ಸ್ವಲ್ಪ ತಗ್ಗಿಸಿಕೊಳ್ಳಿ.

ನಾನು ಈ ಸಿನಿಮಾ ಮೊದಲು ನೋಡಿದ್ದು 1996ರಲ್ಲಿ. ಹಾಸ್ಟೆಲಿನ ಮೂವರು ಗೆಳತಿಯರು ಸೇರಿ ಮ್ಯಾಟಿನಿಗೆ ಹೋಗಿದ್ದೆವು. ಬಾಲ್ಕನಿ ಟಿಕೆಟ್. ಬೇಹ್ಮಾಯಿ ಊರಿನ ದೃಶ್ಯ ಬಂತು. ಫೂಲನ್‌ಳನ್ನು ಬೆತ್ತಲೆ ಮಾಡಿ, ಊರ ಗಂಡಸರೆಲ್ಲ ಸುತ್ತ ನಿಂತು ನೋಡುತ್ತಿರುವಾಗ, ಬಾವಿಯಿಂದ ನೀರು ಸೇದಿಸುವ ದೃಶ್ಯ. ಥಿಯೇಟರ್ ಪೂರ್ತಿ ಗಪ್‌ಚಿಪ್. ಆಗ ಕೆಳಗಿನ ಸಾಲುಗಳಿಂದ ಯಾರೋ ಶಿಳ್ಳೆ ಹಾಕಿದರು. ಒಂದೇ ಒಂದು ಶಿಳ್ಳೆ. ಯಾರೂ ಅದಕ್ಕೆ ದನಿ ಸೇರಿಸಲಿಲ್ಲ, ಯಾರೂ ಬೈಯಲೂ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನಾವು ಮೂವರೂ ತುಟಿ ಬಿಚ್ಚಲಿಲ್ಲ.

ಆದರೂ ಆ ವರ್ಷವೆಲ್ಲ ನಾನು ಈ ಸಿನಿಮಾದ ಪರವಾಗಿಯೇ ಇದ್ದೆ. ಯಾರಾದರೂ ಇದು ಅಶ್ಲೀಲ ಅಂದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಹೋದ ತಿಂಗಳು ಒಬ್ಬಳೇ ಕೂತು ಮತ್ತೆ ನೋಡಿದೆ. ನೋಡಿ ಮುಗಿಸುವಾಗ ಹಳೆಯ ಆ ಶಿಳ್ಳೆ ಮತ್ತೆ ಕೇಳಿಸಿತು. ಅದಕ್ಕೇ ಈ ಮಾತು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಆಗ ನಾವೆಲ್ಲ ಫೂಲನ್ ದೇವಿಯನ್ನು ‘ಅವಳು’ ಅಂತಲೇ ಕರೆಯುತ್ತಿದ್ದೆವು. ಅವಳು ಹಾಗೆ ಮಾಡಿದಳಂತೆ, ಹೀಗೆ ಮಾಡಿದಳಂತೆ. ಈಗ ಸಿನಿಮಾದಲ್ಲಿ ಕಾಣುವ ಪಾತ್ರವನ್ನು ‘ಅವಳು’ ಅನ್ನುತ್ತೇನೆ. ನಿಜವಾಗಿ ಬದುಕಿದ್ದ ಹೆಂಗಸನ್ನು ‘ಅವರು’ ಅನ್ನುತ್ತೇನೆ. ಈ ಎರಡನ್ನೂ ಒಂದೇ ಅಂತ ತಿಳಿದಿದ್ದೇ ನಾನು ಆಗ ಮಾಡಿದ ತಪ್ಪು.

ಅವರು ಹುಟ್ಟಿದ್ದು 1963ರಲ್ಲಿ, ಉತ್ತರ ಪ್ರದೇಶದ ಜಾಲೌನ್ ಜಿಲ್ಲೆಯ ಗೋರ್ಹಾ ಕಾ ಪುರ್ವಾ ಅನ್ನುವ ಸಣ್ಣ ಹಳ್ಳಿಯಲ್ಲಿ. ದೋಣಿ ನಡೆಸುವ, ಮೀನು ಹಿಡಿಯುವ ಮಲ್ಲಾಹ್ ಜಾತಿ. ಹನ್ನೊಂದನೇ ವಯಸ್ಸಿಗೆ ಮದುವೆ. ಗಂಡ ಅವರಿಗಿಂತ ತುಂಬಾ ದೊಡ್ಡವನು. ಅಲ್ಲಿಂದ ಓಡಿಬಂದರು. ಮುಂದೆ ಡಕಾಯಿತರ ಗುಂಪು ಸೇರಿದರು. ಅವರ ಜೊತೆಗಾರ ವಿಕ್ರಮ್ ಮಲ್ಲಾಹ್‌ನನ್ನು ಅದೇ ಗುಂಪಿನ, ಮೇಲ್ಜಾತಿಯ ಠಾಕೂರ್ ಅಣ್ಣತಮ್ಮಂದಿರು ಕೊಂದರು. ಆಮೇಲೆ ಫೂಲನ್ ಅವರನ್ನು ಬೇಹ್ಮಾಯಿಯಲ್ಲಿ ಕೂಡಿಹಾಕಿದರು. 1981ರ ಫೆಬ್ರವರಿ 14ರಂದು ಫೂಲನ್ ಅವರ ಗುಂಪಿನವರು ಅದೇ ಊರಿನಲ್ಲಿ 20 ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದರು. ಎರಡು ವರ್ಷದ ನಂತರ, 1983ರ ಫೆಬ್ರವರಿಯಲ್ಲಿ, ಫೂಲನ್ ಮಧ್ಯಪ್ರದೇಶದ ಭಿಂಡ್‌ನಲ್ಲಿ ಮುಖ್ಯಮಂತ್ರಿ ಅರ್ಜುನ್ ಸಿಂಗ್ ಎದುರು ಶರಣಾದರು. ಗಾಂಧೀಜಿ ಮತ್ತು ದುರ್ಗೆಯ ಪಟಗಳ ಮುಂದೆ ಬಂದೂಕು ಇಟ್ಟರು. ಆಗ ಅವರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಸಿನಿಮಾ ಮುಗಿಯುವುದು ಅಲ್ಲಿಗೇ.

ಸಿನಿಮಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಫೂಲನ್ ಪಾತ್ರ ಮಾಡಿದ್ದು ಅಸ್ಸಾಮಿನಿಂದ ಬಂದ ಸೀಮಾ ಬಿಸ್ವಾಸ್, ಅಲ್ಲಿಯವರೆಗೆ ನಾಟಕದ ಲೋಕದಾಚೆ ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಅವರ ಮುಖ ನೋಡಿ. ಹೊಡೆತ ತಿಂದ ಪ್ರಾಣಿ ಮೂಲೆಗೆ ಒತ್ತಿಕೊಂಡು ಕೂತ ಹಾಗೆ ಕೂರುತ್ತಾಳೆ. ಮುಂದಿನ ಕ್ಷಣ ಅದೇ ಕಣ್ಣಲ್ಲಿ ಬೆಂಕಿ. ಹಳೆಯ ಗಂಡನನ್ನು ಹುಡುಕಿ ಹೋಗಿ ಹೊಡೆಯುವಾಗ ಅವಳ ದನಿಯಲ್ಲಿ ಗೆದ್ದ ಖುಷಿ ಇಲ್ಲ. ಹೊಡೆಯುತ್ತಾ ಅವಳೇ ಒಡೆದುಹೋಗುತ್ತಾಳೆ. ಆ ನಟನೆಗೆ ರಾಷ್ಟ್ರ ಪ್ರಶಸ್ತಿ ಬಂತು, ಬರಲೇಬೇಕಿತ್ತು. ನುಸ್ರತ್ ಫತೇ ಅಲಿ ಖಾನ್ ದನಿ ಆ ಒಣಗಿದ ಕಣಿವೆಗಳ ಮೇಲೆ ಹರಿದು ಬರುತ್ತದಲ್ಲ, ಅದನ್ನು ಮಾತಲ್ಲಿ ಹೇಳೋಕೆ ನನಗೆ ಬರುವುದಿಲ್ಲ. ಜಾತಿಯನ್ನು ಇಷ್ಟು ನೇರವಾಗಿ ತೋರಿಸಿದ ಹಿಂದಿ ಸಿನಿಮಾ ನಾನಂತೂ ಅಲ್ಲಿಯವರೆಗೆ ನೋಡಿರಲಿಲ್ಲ. ಪಂಚಾಯ್ತಿ ಕಟ್ಟೆಯ ಮೇಲೆ ಕೂತವರ ನಗು, ಕೆಳಗೆ ನಿಂತವಳ ಮೌನ. ಅದು ಈಗಲೂ ಚುಚ್ಚುತ್ತದೆ.

ಆದರೆ ಸಿನಿಮಾ ಶುರುವಾಗುವಾಗಲೇ ಪರದೆಯ ಮೇಲೆ ಇದು ನಿಜವಾದ ಕಥೆ ಅಂತ ಬರುತ್ತದೆ. 1996ರಲ್ಲಿ ಆ ಸಾಲನ್ನು ನಾನು ಓದಿ ಮುಂದೆ ಹೋಗಿದ್ದೆ. ಈ ಸಲ ಅಲ್ಲೇ ನಿಲ್ಲಿಸಿದೆ. ನಿಜ ಅಂತ ಯಾರು ಹೇಳಿದ್ದು?

ಮಾಲಾ ಸೇನ್ ಬರೆದ ಪುಸ್ತಕ ಈ ಚಿತ್ರಕ್ಕೆ ಆಧಾರ. ಫೂಲನ್ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಜೈಲಿನಲ್ಲಿ ಅವರು ಹೇಳಿದ್ದನ್ನು ಬೇರೆಯವರು ಬರೆದುಕೊಂಡು ಹೊರಗೆ ಕಳಿಸಿದ ಟಿಪ್ಪಣಿಗಳು ಆ ಪುಸ್ತಕದ ಮುಖ್ಯ ಭಾಗ. ಬ್ರಿಟನ್ನಿನ ಚಾನೆಲ್ 4 ಹಣ ಹಾಕಿತು. ಹನ್ನೊಂದು ವರ್ಷ ಜೈಲಿನಲ್ಲಿದ್ದು 1994ರ ಆರಂಭದಲ್ಲಿ ಅವರು ಹೊರಗೆ ಬಂದರು. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ತೋರಿಸಿದರು. ದೂರದ ಊರಿನ ಪ್ರೇಕ್ಷಕರು ಅವರ ಬದುಕನ್ನು ನೋಡಿ ಆಗಿತ್ತು. ಅವರಿಗೆ ಮಾತ್ರ ತೋರಿಸಿರಲಿಲ್ಲ. ಬದುಕಿರುವ ಒಬ್ಬ ಹೆಂಗಸಿನ ಅತ್ಯಾಚಾರವನ್ನು ಅವರ ಒಪ್ಪಿಗೆ ಇಲ್ಲದೆ ಮತ್ತೆ ಅಭಿನಯಿಸಿ ತೋರಿಸುವ ಹಕ್ಕು ಯಾರಿಗಿದೆ ಅಂತ ಲೇಖಕಿ ಅರುಂಧತಿ ರಾಯ್ ಆ ವರ್ಷವೇ ಬರೆದು ಕೇಳಿದರು. ಆಗ ಅವರ ಮೊದಲ ಕಾದಂಬರಿ ಇನ್ನೂ ಬಂದಿರಲಿಲ್ಲ. ಆ ಲೇಖನವನ್ನು ನಾನು ಓದಿದ್ದೆ, ಓದಿ ಸಿಟ್ಟಾಗಿದ್ದೆ. ಇಷ್ಟು ಒಳ್ಳೆಯ ಸಿನಿಮಾಕ್ಕೆ ಇವರು ಯಾಕೆ ಅಡ್ಡ ಬರುತ್ತಾರೆ ಅಂತ. ಈಗ ಹೇಳುತ್ತೇನೆ, ಅವರು ಕೇಳಿದ್ದು ಸರಿ. ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಯಾಕೆ ಅಂತ ಹೇಳುತ್ತೇನೆ ಕೇಳಿ. ಬೇಹ್ಮಾಯಿಯಲ್ಲಿ ಏನಾಯಿತು ಅಂತ ಕೇಳಿದಾಗ ಫೂಲನ್ ಅದನ್ನು ಬಿಡಿಸಿ ಹೇಳುತ್ತಿರಲಿಲ್ಲ. ಮಾಲಾ ಸೇನ್ ಅವರ ಪುಸ್ತಕದಲ್ಲೇ ಇದು ದಾಖಲಾಗಿದೆ. ಅವರು ಬಳಸಿದ್ದು ‘ಮಜಾಕ್’ ಅನ್ನುವ ಪದ. ಆ ಜನ ನನ್ನ ಜೊತೆ ತುಂಬಾ ಮಜಾಕ್ ಮಾಡಿದರು ಅಂತ. ಮಜಾಕ್ ಅಂದರೆ ತಮಾಷೆ, ಅಲ್ವಾ? ನಮ್ಮ ಹಳ್ಳಿಯ ಹೆಂಗಸರನ್ನು ನೆನಪಿಸಿಕೊಳ್ಳಿ. ‘ನನಗೆ ತೊಂದರೆ ಕೊಟ್ಟ’, ‘ಕೆಟ್ಟದಾಗಿ ನಡ್ಕೊಂಡ’ ಅನ್ನುತ್ತಾರೆ. ಅದಕ್ಕಿಂತ ಮುಂದೆ ಹೋಗುವುದಿಲ್ಲ. ಕೇಳುವವರು ಹೆಂಗಸಾದರೆ ಅಷ್ಟಕ್ಕೇ ಎಲ್ಲ ತಿಳಿಯುತ್ತದೆ. ಆ ಸಣ್ಣ ಪದ ಅವರ ಸೆರಗು ಇದ್ದ ಹಾಗೆ. ಮೈಮೇಲೆ ಉಳಿದಿದ್ದು ಅದೊಂದೇ. ಸಿನಿಮಾ ಅದನ್ನೂ ಎಳೆದುಹಾಕಿತು. ಅವರು ಹೇಳದೆ ಬಿಟ್ಟದ್ದನ್ನು ಒಂದು ಸಲವಲ್ಲ, ಮತ್ತೆ ಮತ್ತೆ ತೋರಿಸಿತು.

ಅವರು ದೆಹಲಿ ಹೈಕೋರ್ಟಿಗೆ ಹೋದರು. ಸಿನಿಮಾ ನಿಲ್ಲಿಸಿ ಅಂತ ಕೇಳಿದರು. ಮಾನದ ಪ್ರಶ್ನೆ ಒಂದೇ ಅಲ್ಲ. ಬೇಹ್ಮಾಯಿಯ ಕೊಲೆಗಳ ವಿಚಾರಣೆ ಆಗ ಇನ್ನೂ ನಡೆದೇ ಇರಲಿಲ್ಲ. ತಾನು ಕೊಲ್ಲಲಿಲ್ಲ ಎಂದೇ ಅವರು ಹೇಳುತ್ತಿದ್ದರು. ಸಿನಿಮಾ ಮಾತ್ರ ಇದು ನಿಜ ಅಂತ ಬರೆದುಕೊಂಡು, ಆ ಕೊಲೆಗಳನ್ನು ಅವಳ ಸೇಡಾಗಿ ತೋರಿಸಿತು. ಸತ್ಯ ಏನೇ ಇರಲಿ, ತೀರ್ಪು ಕೊಡಬೇಕಾದದ್ದು ಕೋರ್ಟು. ಆ ಕೇಸಿನ ತೀರ್ಪು ಬಂದದ್ದು 2024ರ ಫೆಬ್ರವರಿಯಲ್ಲಿ, ಕೊಲೆಯಾಗಿ 43 ವರ್ಷಕ್ಕೆ. ಅಷ್ಟರಲ್ಲಿ ಆರೋಪಿಗಳಲ್ಲಿ ಹೆಚ್ಚಿನವರು ಸತ್ತಿದ್ದರು. ಬೇಹ್ಮಾಯಿಯ ವಿಧವೆಯರನ್ನೂ ನಾನು ಮರೆತಿಲ್ಲ. ಅವರಿಗೂ ಯಾರೂ ಬೇಗ ನ್ಯಾಯ ಕೊಡಲಿಲ್ಲ. ಅವರ ದುಃಖಕ್ಕೆ ಸಿನಿಮಾದಲ್ಲಿ ಸಿಕ್ಕಿದ್ದು ಸ್ವಲ್ಪವೇ ಜಾಗ.

ಕೊನೆಗೆ ರಾಜಿಯಾಯಿತು. ಚಾನೆಲ್ 4 ಅವರಿಗೆ 40,000 ಪೌಂಡ್ ಕೊಟ್ಟಿತು. ಅವರು ಕೇಸು ಬಿಟ್ಟರು. ಆಗ ನಮ್ಮ ಹಾಸ್ಟೆಲಿನಲ್ಲೇ ಮಾತು ಬಂತು, ‘ನೋಡು, ದುಡ್ಡು ಸಿಕ್ಕ ಮೇಲೆ ಬಾಯಿ ಮುಚ್ಚಿಕೊಂಡಳು.’ ನಾನೂ ತಲೆಯಾಡಿಸಿದ್ದೆ. ಅದನ್ನು ನೆನೆದರೆ ಈಗ ನೋವಾಗುತ್ತದೆ. ತಲೆಯ ಮೇಲೆ ಹತ್ತಾರು ಕೇಸು. ಕೈಯಲ್ಲಿ ಓದಿಲ್ಲ, ಹಣವಿಲ್ಲ. ಸಿನಿಮಾ ಆಗಲೇ ಜಗತ್ತು ಸುತ್ತಿ ಬಂದಿದೆ. ಆ ಹೆಂಗಸು ಇನ್ನೇನು ಮಾಡಬೇಕಿತ್ತು? ದುಡ್ಡು ತೆಗೆದುಕೊಂಡದ್ದು ಒಪ್ಪಿಗೆ ಆಗುವುದಿಲ್ಲ. ಮೊದಲು ಕೇಳಿ, ಅವರು ಹೂಂ ಅಂದಿದ್ದರೆ ಅದು ಒಪ್ಪಿಗೆ.

ಆಮೇಲೆ ಇನ್ನೊಂದು ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇದನ್ನು ಹಾಕಿದ್ದು ಫೂಲನ್ ಅಲ್ಲ, ತನ್ನ ಸಮುದಾಯಕ್ಕೆ ಅವಮಾನವಾಗಿದೆ ಅಂದ ಒಬ್ಬ ವ್ಯಕ್ತಿ. 1996ರ ಮೇ 1ರಂದು ಕೋರ್ಟು ಸಿನಿಮಾದ ಪರವಾಗಿ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಎಸ್. ಪಿ. ಭರೂಚಾ. ಅದಕ್ಕೂ ಕೆಲವು ವರ್ಷ ಮೊದಲು ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಬಾವಿಯ ದೃಶ್ಯ ಕಾಮ ಕೆರಳಿಸುವುದಿಲ್ಲ, ಆ ಹೆಣ್ಣಿನ ಬಗ್ಗೆ ಮರುಕ, ಅವಳನ್ನು ಹಿಂಸಿಸಿದವರ ಬಗ್ಗೆ ಅಸಹ್ಯ ಹುಟ್ಟಿಸುತ್ತದೆ ಅನ್ನುವುದು ತೀರ್ಪಿನ ಸಾರ. ಸಿನಿಮಾವನ್ನು ನಿಷೇಧಿಸಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆ ದೃಶ್ಯ ನೋಡಿ ನನಗೆ ಹುಟ್ಟಿದ್ದೂ ಅದೇ ಮರುಕ, ಅದೇ ಅಸಹ್ಯ. ಆದರೆ ಆ ಶಿಳ್ಳೆ? ಅದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಒಂದು ಕೊಡ ಹಾಲಿಗೆ ಒಂದು ಹನಿ ಹುಳಿ ಸಾಕು. ಪರದೆಯ ಮೇಲೆ ಇದ್ದದ್ದು ಕಲ್ಪನೆಯ ಹೆಣ್ಣಾಗಿದ್ದರೆ ಆ ಶಿಳ್ಳೆ ಗಾಳಿಯಲ್ಲಿ ಹೋಗುತ್ತಿತ್ತು. ಇಲ್ಲಿ ಅದು ಹೋಗಿ ತಾಗುವುದು ದೆಹಲಿಯಲ್ಲಿ ಬದುಕಿದ್ದ, ಹೆಸರು ವಿಳಾಸ ಇದ್ದ ಒಬ್ಬರಿಗೆ.

ಇನ್ನೊಂದು ಮಾತು ಹೇಳದೆ ಇರಲಾರೆ. ಫೂಲನ್ ಅವರ ಮೊದಲ ಜಗಳ ಭೂಮಿಗಾಗಿ. ಅಪ್ಪನ ಪಾಲಿನ ಹೊಲವನ್ನು ಸಂಬಂಧಿಕರು ನುಂಗಿದರು ಅಂತ, ಇನ್ನೂ ಹುಡುಗಿಯಾಗಿದ್ದಾಗಲೇ ಹೊಲಕ್ಕೆ ನುಗ್ಗಿ ಗಲಾಟೆ ಮಾಡಿದವರು. ದೊಡ್ಡಪ್ಪನ ಮಗನ ಮೇಲೆ ಕೋರ್ಟಿಗೂ ಹೋದವರು. ಪಾಲಿನ ಜಗಳ ಕಂಡ ನಮ್ಮ ರೈತ ಮನೆಗಳ ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಧೈರ್ಯ ಅಂತ ಹೇಳಬೇಕಾಗಿಲ್ಲ. ಸಿನಿಮಾಕ್ಕೆ ಈ ಹುಡುಗಿ ಅಷ್ಟಾಗಿ ಬೇಕಾಗಲಿಲ್ಲ. ಅದಕ್ಕೆ ಬೇಕಾದದ್ದು ಅತ್ಯಾಚಾರಕ್ಕೆ ಒಳಗಾದವಳು, ಆಮೇಲೆ ಸೇಡು ತೀರಿಸಿಕೊಂಡವಳು. ಮೈಮೇಲೆ ಕೈ ಬೀಳುವ ಮೊದಲೇ ಅವರ ಬಾಯಲ್ಲಿ ಪ್ರಶ್ನೆ ಇತ್ತು ಅನ್ನುವುದು ಪರದೆಯ ಮೇಲೆ ಮಸುಕಾಯಿತು. ನನಗೆ ಈಗ ಅತಿ ಹೆಚ್ಚು ಬೇಸರ ಇದರ ಬಗ್ಗೆಯೇ.

ಕೊನೆಗೆ 1996ರ ಆ ಮೇ ತಿಂಗಳಿಗೆ ಬರುತ್ತೇನೆ. ಕೋರ್ಟು ತೀರ್ಪು ಕೊಟ್ಟ ದಿನಗಳಲ್ಲೇ ದೇಶದಲ್ಲಿ ಲೋಕಸಭಾ ಚುನಾವಣೆ ನಡೆಯುತ್ತಿತ್ತು. ಮಿರ್ಜಾಪುರದಲ್ಲಿ ಸಮಾಜವಾದಿ ಪಕ್ಷದಿಂದ ಫೂಲನ್ ದೇವಿ ನಿಂತಿದ್ದರು. ಅದೇ ತಿಂಗಳು ಎಣಿಕೆಯಾಯಿತು, ಗೆದ್ದರು. ಸೆರಗು ಹೊದ್ದು, ಕೈಮುಗಿದು ಸಂಸತ್ತಿಗೆ ಹೋದರು. 1999ರಲ್ಲಿ ಇನ್ನೊಮ್ಮೆ ಗೆದ್ದರು. 2001ರ ಜುಲೈ 25ರಂದು ದೆಹಲಿಯ ತಮ್ಮ ಮನೆಯ ಗೇಟಿನ ಹತ್ತಿರ ಗುಂಡೇಟಿಗೆ ಸತ್ತಾಗ ಅವರಿಗೆ 37 ವರ್ಷ.

ನಾವು ಮೂವರು ಗೆಳತಿಯರು ಬಾಲ್ಕನಿಯಲ್ಲಿ ಕೂತು ಅವಳಿಗಾಗಿ ಅತ್ತ ಆ ವರ್ಷ, ಅವರು ಸಂಸತ್ತಿನಲ್ಲಿ ಕೂತಿದ್ದರು. ಬೇಕೆಂದಿದ್ದರೆ ಒಂದು ಕಾಗದ ಬರೆಯಬಹುದಿತ್ತು. ಯಾರಾದರೂ ಓದಿ ಹೇಳುತ್ತಿದ್ದರು.

ನಮಸ್ಕಾರ.